ಗೋಡಂಬಿ ಎಂದು ಬರೆದ ಮುಚ್ಚಳ

ಇಂದ್ರಮ್ಮ ಸರಗೂರಿನ ಕಡೆಯವಳು. ಮದುವೆಯಾಗಿ ಮೀನಂಗಡಿಗೆ ಬಂದಾಗ ವಯನಾಡು ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಒಂದು ಕಾಗದಕ್ಕೆ ಸಹಿ ಬೇಕಾದರೂ ಅವಳ ಗಂಡ ಶಿವನಂಜಪ್ಪ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕಿತ್ತು. ಆಮೇಲೆ ಜಿಲ್ಲೆಯಾಯಿತು, ಕಲ್ಪೆಟ್ಟಕ್ಕೆ ಆಫೀಸುಗಳು ಬಂದವು, ಮೀನಂಗಡಿಯ ಬೀದಿಗೆ ಹೊಸ ಅಂಗಡಿಗಳು ಬಂದವು. ಅಂಥ ಹೊಸದರಲ್ಲೇ ಬಾಲಕೃಷ್ಣನ್ ಎಂಬವರು ಐಸ್ ಕ್ರೀಮ್ ಕಂಪನಿ ಶುರುಮಾಡಿದರು. ಕಂಪನಿ ಎಂದರೆ ಮೈಸೂರು ರಸ್ತೆಯ ಹಿಂಬದಿಯಲ್ಲಿ ಶೀಟು ಹೊದಿಸಿದ ಎರಡು ಕೋಣೆ, ಮೂರು ಫ್ರೀಜರ್, ಹಾಲು ಕಾಯಿಸಲು ಒಂದು ದೊಡ್ಡ ಒಲೆ, ಅಂಗಡಿಗಳಿಗೆ ಮಾಲು ಹಾಕಲು ಒಂದು ಹಳೆಯ ವ್ಯಾನು. ಶಿವನಂಜಪ್ಪ ಮರದ ಮಿಲ್ಲಿನಲ್ಲಿದ್ದ. ಒಬ್ಬಳೇ ಮಗಳು ಎಚ್.ಡಿ. ಕೋಟೆಗೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಕೂತು ಮಾಡುವುದೇನು ಎಂದು ಇಂದ್ರಮ್ಮ ಪಾತ್ರೆ ತೊಳೆಯಲು ಅಲ್ಲಿಗೆ ಸೇರಿದಳು.

ಒಂದು ವರ್ಷದೊಳಗೆ ಒಲೆ ಅವಳ ಕೈಗೆ ಬಂತು. ಹಾಲು ಎಷ್ಟು ಇಂಗಬೇಕು, ಸಕ್ಕರೆ ಯಾವಾಗ ಬೀಳಬೇಕು ಎಂದು ಅವಳು ಅಳೆದು ನೋಡುತ್ತಿರಲಿಲ್ಲ. ಸೌಟಿನಿಂದ ಜಾರುವ ಹಾಲನ್ನು ನೋಡಿ ಹೇಳುತ್ತಿದ್ದಳು. ಕೋಳಿಕ್ಕೋಡಿನಿಂದ ಕರೆಸಿದ್ದ ಅಡುಗೆಯವನು ಬಿಟ್ಟುಹೋದ ಮೇಲೆ ಬಾಲಕೃಷ್ಣನ್ ಬೇರೆಯವರನ್ನು ಹುಡುಕಲಿಲ್ಲ. "ಇಂದ್ರಮ್ಮ ಇದ್ದರೆ ಸಾಕು, ನಾನು ಇಲ್ಲದಿದ್ದರೂ ನಡೀತದೆ" ಎಂದು ಬಂದವರ ಮುಂದೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಅವಳು ಮನೆಗೆ ಹೋಗಿ ಗಂಡನಿಗೆ ಅದನ್ನು ಎರಡೆರಡು ಸಲ ಹೇಳುತ್ತಿದ್ದಳು.

ಅವರ ಮಾಲಿನಲ್ಲಿ ಹೆಚ್ಚು ಹೋಗುತ್ತಿದ್ದುದು ಗೋಡಂಬಿ ಐಸ್ ಕ್ರೀಮಿನ ಕಪ್ಪು. ಮುಚ್ಚಳದ ಮೇಲೆ ಗೋಡಂಬಿಯ ಚಿತ್ರ, ಅದರ ಕೆಳಗೆ ಮಲಯಾಳದಲ್ಲಿ ಹಾಲು, ಸಕ್ಕರೆ, ಗೋಡಂಬಿ ಎಂಬ ಮೂರು ಮಾತು. ಇಂದ್ರಮ್ಮನಿಗೆ ಮಲಯಾಳ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಲ್ಲಿ ಏನು ಬರೆದಿದೆ ಎಂಬುದನ್ನು ಅವಳಿಗೆ ಓದಿ ಹೇಳಿದವಳು ಗುಣವತಿ.

ಗುಣವತಿ ಮಾನಂದವಾಡಿಯ ಹತ್ತಿರದ ಜೈನರ ಮನೆಯವಳು, ಕಾಫಿ ತೋಟದ ಅನಂತರಾಜರ ಹೆಂಡತಿ. ಆ ವರ್ಷ ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ, ಮೀನಂಗಡಿಯಲ್ಲಿ ಯಾರದೋ ಮನೆಗೆ ಬಂದಿದ್ದವಳು ಮಗಳು ವಿಮಲಳ ಕೈ ಹಿಡಿದುಕೊಂಡು ನೇರವಾಗಿ ಕಂಪನಿಯ ಬಾಗಿಲಿಗೇ ಬಂದಳು. ಮಗುವಿಗೆ ಎಂಟು ವರ್ಷ. ಒಳಗೆ ಇಂದ್ರಮ್ಮ ಜೊತೆಗೆ ಕೆಲಸ ಮಾಡುವ ಸರೋಜಮ್ಮನಿಗೆ ಕನ್ನಡದಲ್ಲಿ ಏನೋ ಗದರುತ್ತಿದ್ದುದನ್ನು ಕೇಳಿ ಗುಣವತಿಗೆ ನಗು ಬಂತು.

"ನೀವು ಕನ್ನಡದೋರಾ ಅಕ್ಕ? ಒಳ್ಳೇದಾಯ್ತು. ಒಂದು ಮಾತು ಕೇಳ್ಬೇಕಿತ್ತು. ಇದಕ್ಕೆ ಮೊಟ್ಟೆ ಹಾಕ್ತೀರಾ?"

"ಇಲ್ಲ ಕಣವ್ವ. ಮೊಟ್ಟೆ ಈ ಬಾಗ್ಲು ದಾಟಿ ಬಂದಿಲ್ಲ. ನಮ್ ಮೊದಲಾಳಿನೂ ತಿನ್ನಕಿಲ್ಲ."

ಯಜಮಾನರನ್ನು ಅಲ್ಲಿ ಎಲ್ಲರೂ ಮೊದಲಾಳಿ ಎಂದೇ ಕರೆಯುತ್ತಿದ್ದರು.

"ಕಡಲೆಕಾಯಿ?"

"ಅದ್ಯಾಕವ್ವ ಕೇಳೀರಿ?"

ಗುಣವತಿ ಮಗಳ ತಲೆಯ ಮೇಲೆ ಕೈ ಇಟ್ಟಳು. "ಇವಳಿಗೆ ಆಗಲ್ಲ. ಎರಡು ವರ್ಷದ ಮಗು ಆಗಿದ್ದಾಗ ಯಾರೋ ಚಿಕ್ಕಿ ಕೊಟ್ಟರು. ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಸಿಕ್ಕಿಕೊಂಡಿತು. ಗೋಡಂಬಿ ತಿಂತಾಳೆ, ಏನೂ ಆಗಲ್ಲ. ಕಡಲೆಕಾಯಿ ಮಾತ್ರ ಒಂದು ಚೂರು ಹೋಗಬಾರದು ಅಂದಿದಾರೆ ಡಾಕ್ಟರು. ಮುಚ್ಚಳದಲ್ಲಿ ಬರೆದಿಲ್ಲ, ಆದರೂ ಕೇಳಿಬಿಡೋಣ ಅಂತ."

ಅವಳು ಮುಚ್ಚಳದ ಮೇಲಿನ ಮೂರು ಮಾತನ್ನು ಬೆರಳಿಟ್ಟು ಓದಿ ಹೇಳಿದಳು. ಇಂದ್ರಮ್ಮ ಆ ಹುಡುಗಿಯ ಮುಖ ನೋಡಿದಳು. ಮುಂದಿನ ಹಲ್ಲು ಒಂದು ಬಿದ್ದಿತ್ತು.

"ಕಡಲೆಕಾಯಿ ಇಲ್ಲಿಗೆ ಬರಾದೇ ಇಲ್ಲ. ಒಲೆ ಮುಂದೆ ನಿಂತಿರೋಳು ನಾನೇ. ಧೈರ್ಯವಾಗಿ ಕೊಡಿ" ಎಂದಳು. ಹೇಳಿ, ತಾನೇ ಒಂದು ಕಪ್ಪು ತೆಗೆದು ಮಗುವಿನ ಕೈಗೆ ಕೊಟ್ಟಳು. ಆ ದಿನದಿಂದ ವಿಮಲಳಿಗೆ ಹೊರಗೆ ತಿನ್ನಲು ಬಿಡುತ್ತಿದ್ದುದು ಅದೊಂದೇ ಕಪ್ಪನ್ನು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಬಾಲಕೃಷ್ಣನ್ ತಾಯಿಯ ಕಣ್ಣಿನ ಆಪರೇಷನ್ ಎಂದು ಕೋಳಿಕ್ಕೋಡಿಗೆ ಹೋದರು. ವಾರ ಪೂರ್ತಿ ಬರುವುದಿಲ್ಲ ಎಂದು ಹೇಳಿ ಎಲ್ಲವನ್ನೂ ಇಂದ್ರಮ್ಮನಿಗೆ ಒಪ್ಪಿಸಿದ್ದರು. ಅವರು ಹೋದ ಮಾರನೇ ದಿನ ಲಾರಿಯವರು ಮುಷ್ಕರ ಹೂಡಿದರು. ಘಾಟಿಯ ಕೆಳಗಿನಿಂದ ಬರಬೇಕಿದ್ದ ಗೋಡಂಬಿ ಬರಲಿಲ್ಲ. ಸೋಮವಾರ ಬೆಳಗ್ಗೆ ಹಾಲು ಬಂತು. ಇಂದ್ರಮ್ಮ ಕಾಯಿಸಿ, ಇಂಗಿಸಿ, ಸಕ್ಕರೆ ಹಾಕಿ ಡಬ್ಬಿ ತೆಗೆದು ನೋಡಿದರೆ ತಳದಲ್ಲಿ ಒಂದು ಹಿಡಿ ಗೋಡಂಬಿ ಚೂರಿತ್ತು.

ಬರೀ ಹಾಲಿನ ಕಪ್ಪು ಮಾಡಿ ಬೇರೆ ಮುಚ್ಚಳ ಹಾಕಬಹುದಿತ್ತು. ಆ ಮುಚ್ಚಳಗಳೂ ಇದ್ದವು. ಆದರೆ ಅಂಗಡಿಯವರು ಕೇಳಿದ್ದು ಗೋಡಂಬಿ ಕಪ್ಪನ್ನು. ಯಜಮಾನರು ಊರಲ್ಲಿಲ್ಲದಾಗ ಕೇಳಿದ್ದು ಹೋಗಲಿಲ್ಲ ಎಂದಾಗಬಾರದು ಎಂದು ಅವಳಿಗೆ ಹಠ ಬಂತು. ಪಕ್ಕದ ಅಂಗಡಿಯಿಂದ ಕಡಲೆಕಾಯಿ ಬೀಜ ತರಿಸಿದಳು. ಹುರಿದು, ಸಿಪ್ಪೆ ಉಜ್ಜಿ ಊದಿ, ಒರಳಲ್ಲಿ ತರಿತರಿಯಾಗಿ ಕುಟ್ಟಿ, ಒಂದು ಚಮಚ ತುಪ್ಪದಲ್ಲಿ ಮತ್ತೆ ಹುರಿದಳು. ಆ ಹಿಡಿ ಗೋಡಂಬಿಯನ್ನೂ ಅದರ ಜೊತೆಗೆ ಸೇರಿಸಿದಳು.

ಸರೋಜಮ್ಮ ಬಾಯಿಗೆ ಹಾಕಿ ನೋಡಿದಳು. "ಅಯ್ಯೋ, ಗೊತ್ತೇ ಆಗಲ್ಲ ಅಕ್ಕ! ಆದ್ರೂ ಪರ್ವಾಗಿಲ್ವಾ?"

"ತಿಂದೋರ್ಗೆ ಯಾರ್ಗೆ ಗೊತ್ತಾಯ್ತದೆ ಬುಡು" ಎಂದಳು ಇಂದ್ರಮ್ಮ.

ಹಾಗೆ ಹೇಳುವಾಗ ಅವಳಿಗೆ ಗುಣವತಿ ನೆನಪಾದಳು. ಹಲ್ಲು ಬಿದ್ದ ಆ ಹುಡುಗಿಯೂ ನೆನಪಾದಳು. ಕೈಯಲ್ಲಿ ಸೌಟಿತ್ತು, ಬಾಂಡಲಿಯಲ್ಲಿ ಕಡಲೆ ತರಿ ಇತ್ತು, ಹಾಲಿಗೆ ಇನ್ನೂ ಬಿದ್ದಿರಲಿಲ್ಲ. ಇನ್ನೂರ ನಲವತ್ತು ಕಪ್ಪಿನಲ್ಲಿ ಒಂದು ಹೋಗಿ ಆ ಮಗುವಿನ ಕೈಗೇ ಸಿಗುತ್ತದೆಯೇ ಎಂದುಕೊಂಡಳು. ಬೀಜವನ್ನು ಹಾಲಿಗೆ ಸುರಿದಳು.

ಮಂಗಳವಾರ ವ್ಯಾನು ಹೋಯಿತು. ಡ್ರೈವರ್ ಉಣ್ಣಿ ನಲವತ್ತು ದಾಟಿದ ಮನುಷ್ಯ, ಪನಮರಂ, ಮಾನಂದವಾಡಿ, ಪುಲ್ಪಳ್ಳಿ, ಪೆರಿಕಲ್ಲೂರು ಎಂದು ಎರಡು ದಿನ ಸುತ್ತಿ ಮಾಲು ಹಾಕುತ್ತಿದ್ದ. ಗುರುವಾರ ಬೆಳಗ್ಗೆ ಖಾಲಿ ಡಬ್ಬಿಗಳನ್ನು ಇಳಿಸುತ್ತ ಅವನೇ ಸುದ್ದಿ ಹೇಳಿದ.

"ಚೇಚಿ, ಮಾನಂದವಾಡಿ ಹತ್ತಿರ ಆ ಅನಂತರಾಜರ ಮಗು ಉಂಟಲ್ಲ, ನಿನ್ನೆ ಸಾಯಂಕಾಲ ಆಸ್ಪತ್ರೆಗೆ ಕೊಂಡುಹೋದ್ರು. ಉಸಿರೇ ಇರ್ಲಿಲ್ಲ ಅಂತ ಹೇಳ್ತಾರೆ. ಜೀಪಿನಲ್ಲಿ ಹಾಕಿ ಓಡಿಸಿದ್ರು. ಸೂಜಿ ಹಾಕಿದ ಮೇಲೆ ಕಣ್ಣು ಬಿಟ್ಟಿತು."

ಇಂದ್ರಮ್ಮನ ಕೈಯಲ್ಲಿ ತೊಳೆಯುತ್ತಿದ್ದ ಕೊಳಗ ಇತ್ತು. ಅವಳು ಅದನ್ನು ಕೆಳಗಿಟ್ಟಳು. "ಏನ್ ತಿಂದಿತ್ತಂತೆ?"

"ನಮ್ಮ ಕಪ್ಪು ತಿಂದಿತ್ತು, ಅದಕ್ಕೆ ಮುಂಚೆ ಒಂದು ಉಂಡೆ ತಿಂದಿತ್ತು. ಅವರ ಕಣದಲ್ಲಿ ಕಾಫಿ ಒಣಗಿಸುವ ಮುದುಕಿ, ಪುಟ್ಟಗೌರಮ್ಮ ಅಂತ. ಅವಳು ರವೆ ಉಂಡೆ ಕೊಟ್ಟಿದ್ದಳು. ಡಾಕ್ಟರ್ ಕೇಳಿದ್ದಕ್ಕೆ ಆ ಅಮ್ಮ ಹೇಳಿದ್ರಂತೆ, ಐಸ್ ಕ್ರೀಮಿನಲ್ಲಿ ಕಡಲೆಕಾಯಿ ಇಲ್ಲ, ನಾನೇ ಹೋಗಿ ಕೇಳಿದೀನಿ ಅಂತ. ಮತ್ತೆ ಉಂಡೆಯೇ ತಾನೇ? ಮುದುಕಿಯನ್ನ ಕಣಕ್ಕೆ ಬರಬೇಡ ಅಂತ ಹೇಳಿ ಕಳಿಸಿದ್ರು."

ಸರೋಜಮ್ಮ ತಲೆ ಎತ್ತಿ ಇಂದ್ರಮ್ಮನ ಕಡೆ ನೋಡಿದಳು. ಇಂದ್ರಮ್ಮ ಅವಳ ಕಡೆ ನೋಡಲಿಲ್ಲ. ಉಣ್ಣಿ ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಹೇಳಬೇಕಾಗಿದ್ದದ್ದು ಆಗಲೇ. ಉಣ್ಣಿಯನ್ನು ಕೂಗಿ, ವ್ಯಾನು ತಿರುಗಿಸು, ಎಲ್ಲ ವಾಪಸ್ ತಾ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಕೊಳಗವನ್ನು ಮತ್ತೆ ಎತ್ತಿಕೊಂಡು ತೊಳೆದಿದ್ದನ್ನೇ ತೊಳೆದಳು.

ಶುಕ್ರವಾರವೂ ಹಾಗೇ ಹೋಯಿತು. ಮುಷ್ಕರ ಮುಗಿದು ಗೋಡಂಬಿ ಬಂದಿತ್ತು. ಹೊಸ ಹಾಲಿಗೆ ಗೋಡಂಬಿಯೇ ಬಿತ್ತು. ಸರೋಜಮ್ಮ ಒಂದೇ ಸಲ ಬಾಯಿಬಿಟ್ಟಳು. "ಅಕ್ಕ, ಹೇಳಿಬಿಡಣ್ವಾ?" ಎಂದಳು. "ಮೊದಲಾಳಿ ಬರ್ಲಿ" ಎಂದಳು ಇಂದ್ರಮ್ಮ. ಮೊದಲಾಳಿ ಬರಲಿ ಎಂಬುದು ಹೇಳಿಕೊಳ್ಳಲು ಒಳ್ಳೆಯ ಕಾರಣವಾಗಿತ್ತು. ಒಳಗೆ ಅವಳು ಬೇರೆ ಲೆಕ್ಕ ಹಾಕುತ್ತಿದ್ದಳು. ಮಗು ಉಳಿದಿದೆ. ಉಂಡೆಯದೇ ಇರಬಹುದು. ಮುದುಕಿ ಯಾವುದೋ ಕಡಲೆ ಹುಡಿ ಬೆರೆಸಿದ್ದರೂ ಬೆರೆಸಿರಬಹುದು.

ಶನಿವಾರ ಉಣ್ಣಿ ಮತ್ತೊಂದು ಸುದ್ದಿ ತಂದ. ಪುಟ್ಟಗೌರಮ್ಮ ಅನಂತರಾಜರ ಮನೆಯ ಅಂಗಳಕ್ಕೆ ಬಂದು, ಸೆರಗು ಒಡ್ಡಿ, ಉಂಡೆಗೆ ರವೆ ಸಕ್ಕರೆ ಕಾಯಿತುರಿ ಬಿಟ್ಟು ಬೇರೇನೂ ಹಾಕಿಲ್ಲವೆಂದು ಮಾದಪ್ಪನ ಮೇಲೆ ಆಣೆ ಇಟ್ಟಳಂತೆ. ಯಾರೂ ಹೊರಗೆ ಬರಲಿಲ್ಲವಂತೆ. ಗಂಡನಿಲ್ಲದ ಆ ಮುದುಕಿ ಹತ್ತೊಂಬತ್ತು ವರ್ಷದಿಂದ ಆ ಕಣದಲ್ಲಿ ಇದ್ದಳು. ವಿಮಲಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು.

ಅಂದು ಸಂಜೆ ಶಿವನಂಜಪ್ಪ ಉಣ್ಣಲು ಕೂತಾಗ ಇಂದ್ರಮ್ಮ ಎಲ್ಲವನ್ನೂ ಹೇಳಿದಳು. ಅವನು ಹೆಚ್ಚು ಮಾತಿನವನಲ್ಲ. ಮುದ್ದೆ ಮುರಿದ ಕೈ ಹಾಗೇ ನಿಂತಿತು.

"ಆ ಅಜ್ಜಿ ಮಾದಪ್ಪನ ಮ್ಯಾಲೆ ಆಣೆ ಮಾಡವ್ಳೆ ಅಂತೀಯೆ. ನೀನು ನಾಳೀಕೆ ಯಾವ ಮಕ ಹೊತ್ಕಂಡು ದೀಪ ಹಚ್ಚೀಯೆ?"



ಬಾಲಕೃಷ್ಣನ್ ಭಾನುವಾರ ಬೆಳಗಿನ ಬಸ್ಸಿಗೆ ಬಂದರು. ಇಂದ್ರಮ್ಮ ಅವರ ಮನೆಯ ಮೆಟ್ಟಿಲ ಬಳಿ ಕಾದು ನಿಂತಿದ್ದಳು. ಅವರು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. ಬಾಲಕೃಷ್ಣನ್ ಬ್ಯಾಗನ್ನು ಜಗಲಿಯ ಮೇಲಿಟ್ಟು ಸುತ್ತ ನೋಡಿದರು. ಮೊದಲು ಅವರ ಬಾಯಿಂದ ಬಂದದ್ದು, "ಮಿಂಡಾದೆ ಇರು. ಯಾರ ಹತ್ತಿರ ಹೇಳಿದ್ದೀ?" ಎಂಬ ಮಾತು. ಸುಮ್ಮನಿರು ಎಂದು.

"ನಮ್ಮೆಜಮಾನ್ರಿಗೆ ಹೇಳಿವ್ನಿ. ಸರೋಜಿಗೆ ಗೊತ್ತು. ಮೊದಲಾಳಿ, ನಾನು ಮಿಂಡಾದೆ ಇದ್ದೇ ಮೂರು ದಿನ ಆಯ್ತು."

ಅವರು ಜಗಲಿಯ ಮೇಲೆ ಕೂತರು. ಆಮೇಲೆ ಎದ್ದು, ಕಾಫಿಯನ್ನೂ ಕುಡಿಯದೆ, ಬಸ್ ಸ್ಟ್ಯಾಂಡ್ ಪಕ್ಕದ ಫೋನ್ ಬೂತಿಗೆ ಹೋದರು. ಮೊದಲು ಮಾನಂದವಾಡಿಯ ಆಸ್ಪತ್ರೆಗೆ ಫೋನು ಮಾಡಿ, ಆ ಮಗು ತಿಂದ ಕಪ್ಪಿನಲ್ಲಿ ಕಡಲೆಕಾಯಿ ಇತ್ತು ಎಂದು ಡಾಕ್ಟರಿಗೆ ತಿಳಿಸಲು ಹೇಳಿದರು. ಮಗುವನ್ನು ಶುಕ್ರವಾರವೇ ಮನೆಗೆ ಕಳಿಸಿದ್ದರು. ಮತ್ತೆ ಕಲ್ಪೆಟ್ಟದ ಆಹಾರ ಇನ್ಸ್‌ಪೆಕ್ಟರ ಮನೆಗೆ ಫೋನು ಮಾಡಿದರು. ಬೂತಿನ ಗಾಜಿನ ಆಚೆ ನಿಂತ ಇಂದ್ರಮ್ಮನಿಗೆ ಅವರ ಬಾಯಿ ಅಲುಗುವುದು ಮಾತ್ರ ಕಾಣುತ್ತಿತ್ತು. ಹೊರಗೆ ಬಂದವರ ಕುತ್ತಿಗೆಯೆಲ್ಲ ಬೆವರಿತ್ತು.

"ಒಂದು ಕಪ್ಪು ಬಿಡದೆ ವಾಪಸ್ ತರಬೇಕು" ಎಂದರು. "ಉಣ್ಣಿಯನ್ನ ಕರೀ. ನೀನೂ ಬಾ."

ಪನಮರದಲ್ಲಿ ಒಂಬತ್ತು ಕಪ್ಪು ಸಿಕ್ಕಿತು. ಮಾನಂದವಾಡಿ ಪೇಟೆಯ ಎರಡು ಅಂಗಡಿಯಲ್ಲಿ ಇಪ್ಪತ್ತು ಸಿಕ್ಕಿತು. ಉಳಿದದ್ದು ಮಾರಿಹೋಗಿತ್ತು. ಬಾಲಕೃಷ್ಣನ್ ಪ್ರತಿ ಅಂಗಡಿಯಲ್ಲೂ ಮಲಯಾಳದಲ್ಲಿ ಬರೆದ ಕಾಗದವೊಂದನ್ನು ಗೋಡೆಗೆ ಅಂಟಿಸಿದರು. ಈ ಕಪ್ಪಿನಲ್ಲಿ ಹೇಳದೆ ಕಡಲೆಕಾಯಿ ಸೇರಿದೆ, ಮನೆಯಲ್ಲಿ ಉಳಿದಿದ್ದರೆ ತಿನ್ನಬೇಡಿ, ಹಿಂದಕ್ಕೆ ಕೊಡಿ ಎಂದು ಅದರಲ್ಲಿತ್ತು. ಕಪ್ಪು ಕೊಂಡವರು ನೆನಪಿದ್ದರೆ ಅವರ ಮನೆಗೂ ಹೋದರು. ಪುಲ್ಪಳ್ಳಿಯ ಒಬ್ಬ ಅಂಗಡಿಯವನು ಕಾಗದ ಓದಿ ಗಟ್ಟಿಯಾಗಿ ನಕ್ಕ. ಕಡಲೆ ತಿಂದು ಸತ್ತವರನ್ನು ಎಲ್ಲಾದರೂ ನೋಡಿದ್ದೀರಾ, ನಾನು ದಿನಾ ತಿನ್ನುತ್ತೇನೆ ಎಂದ. ಬಾಲಕೃಷ್ಣನ್ ಅವನಿಗೆ ಏನೋ ವಿವರಿಸಲು ಹೋದರು. ಇಂದ್ರಮ್ಮ ಅವನ ಫ್ರೀಜರಿನ ಮುಚ್ಚಳ ತಾನೇ ತೆರೆದು ಕಪ್ಪುಗಳನ್ನು ಆರಿಸಿ ತೆಗೆದು ಮಡಿಲಿಗೆ ಹಾಕಿಕೊಂಡಳು. ಮಡಿಲು ತೊಯ್ದು ಕಾಲಿಗೆ ನೀರು ಇಳಿಯಿತು.

ಪೆರಿಕಲ್ಲೂರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿ ಅಂಗಡಿ ಇಟ್ಟಿದ್ದ ಅಯ್ಯಪ್ಪನ್ ತನ್ನಲ್ಲಿ ಒಂದೂ ಇಲ್ಲವೆಂದ. ಇಪ್ಪತ್ತನಾಲ್ಕು ಕಪ್ಪನ್ನೂ ಬುಧವಾರವೇ ಹೊಳೆಯಾಚೆ ಬೈರಕುಪ್ಪೆಗೆ, ಒಂದು ನಾಮಕರಣದ ಮನೆಗೆ, ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದನಂತೆ.

"ನಾಮಕರಣ ಅಂದ್ರೆ ಮಕ್ಕಳು ಇರ್ತವಲ್ಲ" ಎಂದಳು ಇಂದ್ರಮ್ಮ. ಕಡವಿನಲ್ಲಿ ದೋಣಿ ಇತ್ತು. ಕಬಿನಿಯಲ್ಲಿ ನೀರು ತಗ್ಗಿತ್ತು, ನಡುವೆ ಕಲ್ಲುಗಳು ಎದ್ದಿದ್ದವು. ವ್ಯಾನನ್ನೂ ಉಣ್ಣಿಯನ್ನೂ ಈಚೆ ದಡದಲ್ಲೇ ಬಿಟ್ಟು ಅವಳೂ ಬಾಲಕೃಷ್ಣನ್ನೂ ದಾಟಿದರು. ಆಚೆ ದಡ ಕರ್ನಾಟಕ. ಅಲ್ಲಿ ಅವರು ತಂದಿದ್ದ ಮಲಯಾಳದ ಕಾಗದವನ್ನು ಓದುವವರು ಕಡಿಮೆ.

ನಾಮಕರಣದ ಮನೆಯ ಯಜಮಾನಿ ಮಲ್ಲಿಗಮ್ಮ ಅಂಗಳದಲ್ಲಿ ಹುಣಸೆ ಬಿಡಿಸುತ್ತಿದ್ದಳು. ಮುಂದೆ ಬಂದು ಮಾತಾಡಲು ನೋಡಿದ ಬಾಲಕೃಷ್ಣನ್ ಅವರ ಅರ್ಧ ಮಲಯಾಳ ಅರ್ಧ ಕನ್ನಡ ಅವಳಿಗೆ ತಿಳಿಯಲಿಲ್ಲ. ಇಂದ್ರಮ್ಮ ಅವರನ್ನು ಸರಿಸಿ ಮುಂದೆ ನಿಂತಳು.

"ಅವ್ವ, ಬುಧವಾರ ನಿಮ್ಮನೇಲಿ ಕೊಟ್ಟ ಐಸ್ ಕ್ರೀಮ್ ನಾನು ಮಾಡಿದ್ದು. ಗೋಡಂಬಿ ಅಂತ ಬರ್ದು ಕಡಲೆಕಾಯಿ ಹಾಕಿವ್ನಿ. ಯಾರ್ಗಾರ ಏನಾರ ಆಯ್ತಾ? ಮೈ ಕಡಿತ, ವಾಂತಿ, ಉಸ್ರು ಕಟ್ಟಾದು?"

ಮಲ್ಲಿಗಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಏನೂ ಆಗ್ನಿಲ್ಲ ಕಣವ್ವ. ಚೆನ್ನಾಗಿತ್ತು. ಮಕ್ಕ ಕಪ್ಪು ನೆಕ್ಕಿ ನೆಕ್ಕಿ ಇಟ್ವು."

"ಎಲ್ಲಾನೂ ತಿಂದ್ರಾ? ಯಾರಾರ ಮನೀಗ್ ತಕಂಡು ಹೋದ್ರಾ?"

"ಮನೆ ತಂಕ ಉಳಿದದಾ ಅದು, ಕರಗೋಯ್ತದೆ. ಅಲ್ಲ, ಅದನ್ನ ಕೇಳಕ್ಕೆ ಹೊಳೆ ದಾಟ್ಕಂಡು ಬಂದ್ರಾ?"

ಇಂದ್ರಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಂದು ಬಂದಿದ್ದ ಮಕ್ಕಳ ಮನೆಗಳನ್ನು ಕೇಳಿಕೊಂಡು ಹನ್ನೊಂದು ಮನೆಗೂ ಹೋದಳು. ಎಲ್ಲ ಕಡೆಯೂ ಮಕ್ಕಳು ಆಟದಲ್ಲಿದ್ದವು. ಎಲ್ಲ ಕಡೆಯೂ ಚೆನ್ನಾಗಿತ್ತು ಎಂದೇ ಹೇಳಿದರು. ಒಂದು ಮನೆಯವರು ಇನ್ನೊಮ್ಮೆ ಯಾವಾಗ ಬರುತ್ತದೆ ಎಂದೂ ಕೇಳಿದರು. ಬೇರೆ ದಿನವಾಗಿದ್ದರೆ ಅವಳು ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ ಗಂಡನಿಗೆ ಎರಡು ಸಲ ಹೇಳುತ್ತಿದ್ದಳು. ಅಂದು ಪ್ರತಿ ಸಲ ಕೇಳಿದಾಗಲೂ ತಲೆ ತಗ್ಗಿತು.

ಅನಂತರಾಜರ ಮನೆಗೆ ಹೋದದ್ದು ಸೋಮವಾರ ಬೆಳಗ್ಗೆ. ಆಸ್ಪತ್ರೆಯಿಂದ ಅಷ್ಟರಲ್ಲಿ ಅವರಿಗೆ ಸುದ್ದಿ ಮುಟ್ಟಿತ್ತು. ಅನಂತರಾಜರು ಜಗಲಿಯಲ್ಲಿ ಕೂತಿದ್ದರು, ಎದ್ದೇಳಲಿಲ್ಲ, ಕೂರಲು ಹೇಳಲಿಲ್ಲ. ಗುಣವತಿ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಮಗು ಏನನ್ನೋ ಓದುವ ದನಿ ಬರುತ್ತಿತ್ತು.

ಬಾಲಕೃಷ್ಣನ್ ಕೈ ಮುಗಿದರು. "ತಪ್ಪು ನನ್ನದು. ನಾನು ಊರಿನಲ್ಲಿ ಇರಲಿಲ್ಲ. ಲಾರಿ ಮುಷ್ಕರ, ಕೆಲಸ ಜಾಸ್ತಿ, ಅದರ ತಿರಕ್ಕಿನಲ್ಲಿ, ಅವಸರದಲ್ಲಿ, ಇವಳು ಮರೆತುಹೋದಳು. ನೀವು ಬಂದು ಕೇಳಿದ್ದು ಇವಳಿಗೆ ನೆನಪಾಗಲಿಲ್ಲ. ಬೇಕು ಅಂತ ಮಾಡಿದ್ದಲ್ಲ."

ಅದು ಅವರು ದಾರಿಯಲ್ಲಿ ಅವಳಿಗಾಗಿ ಕಟ್ಟಿಕೊಂಡು ಬಂದ ಮಾತು. ಹಿಂದಿನ ದಿನ ಉಣ್ಣಿಯೂ ಅದನ್ನೇ ಹೇಳಿದ್ದ. ಸರೋಜಮ್ಮನೂ ಅದನ್ನೇ ಹೇಳಿದ್ದಳು. ಮರೆವು ಯಾರಿಗೆ ಬರುವುದಿಲ್ಲ? ಇಂದ್ರಮ್ಮ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಗುಣವತಿಯ ಮುಖವೂ ಸ್ವಲ್ಪ ಸಡಿಲಾದ ಹಾಗೆ ಕಂಡಿತು.

"ಮರ್ತಿರ್ನಿಲ್ಲ" ಎಂದಳು ಇಂದ್ರಮ್ಮ.

ಬಾಲಕೃಷ್ಣನ್ ಅವಳ ಕಡೆ ತಿರುಗಿದರು.

"ಮರ್ತಿರ್ನಿಲ್ಲ ಕಣವ್ವ. ಬೀಜ ಸುರಿಯಾಕೆ ಮುಂಚೆ ನಿಮ್ ನೆಪ್ಪು ಬಂತು. ಮಗೀನ ನೆಪ್ಪೂ ಬಂತು. ಇಷ್ಟೊಂದ್ರಲ್ಲಿ ಒಂದು ಹೋಗಿ ಆ ಮಗೀಗೇ ಸಿಕ್ಕದಾ ಅಂದ್ಕಂಡೆ. ಅಂದ್ಕಂಡು ಸುರುದ್ಬುಟ್ಟೆ. ಗುರುವಾರ ಸುದ್ದಿ ಗೊತ್ತಾದ್ಮ್ಯಾಕೂ ಮೂರು ದಿನ ಬಾಯಿ ಬುಡ್ನಿಲ್ಲ. ಆ ಅಜ್ಜಿ ಮ್ಯಾಲೆ ಬಂದದೆ ಅಂತ ಗೊತ್ತಿದ್ದೂ ಬುಡ್ನಿಲ್ಲ."

ಗುಣವತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆಡಿದ ಮಾತು ಬಹಳ ಮೆತ್ತಗಿತ್ತು.

"ನಾನು ಡಾಕ್ಟರ ಹತ್ತಿರ ಜಗಳ ಆಡಿದೆ ಅಕ್ಕ. ಐಸ್ ಕ್ರೀಮ್ ಇರಲಾರದು, ಅಲ್ಲಿ ನಮ್ಮ ಕನ್ನಡದ ಅಕ್ಕ ಒಬ್ಬರಿದಾರೆ, ಅವರು ಹೇಳಿದಾರೆ ಅಂತ. ಮಗೂನ ಮೈ ನೀಲಿ ಆಗ್ತಿತ್ತು, ನಾನು ನಿಮ್ಮ ಪರ ಮಾತಾಡ್ತಾ ಇದ್ದೆ."

ಇಂದ್ರಮ್ಮ ಅಳಲು ಹೋದಳು. "ಇಲ್ಲಿ ಅಳಬೇಡಿ" ಎಂದಳು ಗುಣವತಿ. "ನನ್ನ ಕೈಲಿ ಈಗ ನಿಮ್ಮನ್ನ ಸಮಾಧಾನ ಮಾಡೋಕೆ ಆಗಲ್ಲ. ಪುಟ್ಟಗೌರಮ್ಮನ ಹತ್ತಿರ ಹೋಗಿ. ನಾನೂ ಹೋಗ್ಬೇಕು, ಆದ್ರೆ ನೀವು ಮೊದಲು ಹೋಗಿ." ಹೇಳಿ ಒಳಗೆ ಹೋದಳು. ಒಳಗೆ ಮಗುವಿನ ಓದು ನಿಂತಿತು.

ಪುಟ್ಟಗೌರಮ್ಮನ ಮನೆ ತೋಟದ ಕೆಳಗೆ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ, ಕೊನೆಯದು. ಬಾಲಕೃಷ್ಣನ್ ರಸ್ತೆಯಲ್ಲೇ ನಿಂತರು. ಮುದುಕಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಇಂದ್ರಮ್ಮ ಹೇಳುವುದನ್ನೆಲ್ಲ ಕೇರುತ್ತಲೇ ಕೇಳಿದಳು. ಮುಗಿದ ಮೇಲೆ ಮೊರವನ್ನು ಕೆಳಗಿಟ್ಟಳು.

"ಯಾವೂರು ನಿಂದು?"

"ಸರಗೂರ ತಾವ."

"ನಂದು ಬೇಗೂರು. ಒಂದೇ ಕಡೆಯೋರು." ಮುದುಕಿ ಮತ್ತೆ ಕೇಳಿದಳು: "ಸುಕ್ರವಾರ ಹೇಳಿದ್ರೆ ಏನಾಗ್ತಿತ್ತವ್ವ ನಿಂಗೆ? ಸನಿವಾರ ನಾನು ಆ ಅಂಗ್ಳದಲ್ಲಿ ಸೆರಗೊಡ್ಡಿ ನಿಂತ್ಕಳಾದು ತಪ್ತಿತ್ತಲ್ಲ. ಮಗ ಸತ್ತಾಗ್ಲೂ ನಾನು ಯಾರ ಮುಂದ್ಲೂ ಸೆರಗೊಡ್ಡಿರ್ನಿಲ್ಲ."

ಇಂದ್ರಮ್ಮ ಅವಳ ಕಾಲು ಮುಟ್ಟಲು ಬಗ್ಗಿದಳು. ಮುದುಕಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಕಾಲ್ ಗೀಲ್ ಬ್ಯಾಡ. ಈ ಲೈನ್ನೋರ್ಗೆಲ್ಲ ಕೇಳಂಗೆ ಇನ್ನೊಂದ್ ಸಲ ಹೇಳ್ಬುಟ್ಟು ಹೋಗು."

ಇಂದ್ರಮ್ಮ ಹೊರಗೆ ಬಂದಳು. ಲೈನಿನ ಎಂಟು ಬಾಗಿಲಲ್ಲೂ ಹೆಂಗಸರು ನಿಂತಿದ್ದರು. ನಡುವೆ ನಿಂತು, ಹೆಸರು, ಊರು, ಮಾಡುವ ಕೆಲಸ ಹೇಳಿ, ತಾನು ಮಾಡಿದ್ದನ್ನು ಮೊದಲಿನಿಂದ ಹೇಳಿದಳು. ಒಂದು ಸಲ ದನಿ ತಗ್ಗಿತು. "ಕೇಳ್ನಿಲ್ಲ" ಎಂದಳು ಹಿಂದಿನಿಂದ ಮುದುಕಿ. ಮತ್ತೆ ಗಟ್ಟಿಯಾಗಿ ಹೇಳಿದಳು.

ವಾಪಸ್ ಬಂದ ಅರವತ್ತಮೂರು ಕಪ್ಪನ್ನು ಕಂಪನಿಯ ಹಿಂದೆ ಗುಂಡಿ ತೋಡಿ ಮುಚ್ಚಿದರು. ಕಲ್ಪೆಟ್ಟದ ಇನ್ಸ್‌ಪೆಕ್ಟರ್ ಬಂದು ಎಲ್ಲರ ಹೇಳಿಕೆ ಬರೆದುಕೊಂಡರು. ಕಂಪನಿ ಆರು ವಾರ ಮುಚ್ಚಿತ್ತು. ಅನಂತರಾಜರು ಪೊಲೀಸಿಗೆ ಹೋಗುತ್ತಾರೆ ಎಂದು ಊರಲ್ಲಿ ಮಾತಿತ್ತು. ಅವರು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ಇಂದ್ರಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹೋಗಿದ್ದರೆ ವಾಸಿಯಿತ್ತು ಎಂದು ಅವಳು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದುಂಟು.

ಕಂಪನಿ ಮತ್ತೆ ತೆರೆದಾಗ ಬಾಲಕೃಷ್ಣನ್ ಅವಳನ್ನು ಒಲೆಗೇ ಕರೆದರು. ಅವಳು ಒಪ್ಪಲಿಲ್ಲ. ಕೆಲಸ ಬಿಡಲೂ ಇಲ್ಲ. ಮೊದಲು ಸೇರಿದಾಗಿನಂತೆ ಪಾತ್ರೆ ತೊಳೆದಳು. ಸರೋಜಮ್ಮ ಒಲೆ ನೋಡಿಕೊಂಡಳು. ಹಾಲು ಹೆಚ್ಚು ಇಂಗಿತು ಎಂದು ಇಂದ್ರಮ್ಮನಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ಮೂರು ವರ್ಷದ ಮೇಲೆ ದೊಡ್ಡ ಪೇಟೆಗಳಿಂದ ಬಣ್ಣದ ಮುಚ್ಚಳದ ಕಪ್ಪುಗಳು ಬರತೊಡಗಿ ಕಂಪನಿ ನಿಂತುಹೋಯಿತು.

ಆಮೇಲೆ ಅವಳು ಒಂದು ಶಿಶುವಿಹಾರದಲ್ಲಿ ಉಪ್ಪಿಟ್ಟು, ಗಂಜಿ ಮಾಡುವ ಕೆಲಸಕ್ಕೆ ಸೇರಿದಳು. ಹೊಸ ಮಗು ಬಂದರೆ ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಏನು ತಿಂದರೆ ಆಗುವುದಿಲ್ಲ ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದರೆ ಮಾರನೇ ದಿನ ಮತ್ತೆ ಕೇಳುತ್ತಿದ್ದಳು. ತಾಯಂದಿರಿಗೆ ಬೇಸರವಾಗಿ ಟೀಚರಿಗೆ ದೂರು ಹೇಳಿದ್ದೂ ಇದೆ. ಯಾರೂ ಸಾಯಲಿಲ್ಲವಲ್ಲ, ಇನ್ನೂ ಯಾಕೆ ಅದನ್ನೇ ಹಿಡಿದುಕೊಂಡಿದ್ದೀ ಎಂದು ಸರೋಜಮ್ಮ ಬೈದರೆ, "ಮಗು ಸಾಯ್ದೆ ಉಳ್ದಿದ್ದು ನನ್ ಕೆಲ್ಸ ಅಲ್ವಲ್ಲ. ಅದು ಆ ಸೂಜಿ ಚುಚ್ಚಿದೋರ್ ಕೆಲ್ಸ" ಎನ್ನುತ್ತಿದ್ದಳು.

ಗುಣವತಿ ಮತ್ತೆ ಅವಳೊಡನೆ ಮಾತಾಡಲಿಲ್ಲ. ಮಾನಂದವಾಡಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಮೂರು ಸಲ ಎದುರಾದರು. ಗುಣವತಿ ನಿಂತು ನೋಡಿ ಹೋಗುತ್ತಿದ್ದಳು. ವಿಮಲ ಬೆಳೆದು ಕಾಲೇಜಿಗೆ ಹೋದಳು ಎಂದು ಉಣ್ಣಿ ಹೇಳಿದ್ದ.

ಪುಟ್ಟಗೌರಮ್ಮನನ್ನು ಅನಂತರಾಜರು ಗಂಡ ಹೆಂಡತಿ ಇಬ್ಬರೂ ಲೈನಿಗೆ ಹೋಗಿ ಕರೆದು ತಂದರು. ಒಂದು ವಾರ ಸತಾಯಿಸಿ ಅವಳು ಕಣಕ್ಕೆ ಬಂದಳು. ಆದರೆ ಆ ಮಗುವಿಗೆ ಮತ್ತೆ ಕೈಯಾರೆ ಏನನ್ನೂ ಕೊಡಲಿಲ್ಲ, ಒಂದು ಲೋಟ ನೀರನ್ನು ಕೂಡ. ಅಜ್ಜಿ ನೀರು ಕೊಡು ಎಂದು ಹುಡುಗಿ ಬಂದರೆ, ಹೋಗು ನಿಮ್ಮವ್ವನ ಕೇಳು ಎನ್ನುತ್ತಿದ್ದಳಂತೆ. ಇದನ್ನು ಕೇಳಿದ ಮೇಲೆ ಇಂದ್ರಮ್ಮ ವರ್ಷಕ್ಕೆ ಒಂದೆರಡು ಸಲವಾದರೂ ಅವಳ ಮನೆಗೆ ಹೋಗತೊಡಗಿದಳು. ಮೊದಮೊದಲು ಮುದುಕಿ ಬಾಗಿಲಲ್ಲೇ ಮಾತಾಡಿ ಕಳಿಸುತ್ತಿದ್ದಳು. ನಾಲ್ಕನೆಯದೋ ಐದನೆಯದೋ ಸಲ, ಮಳೆ ಬಂತೆಂದು ಒಳಗೆ ಕರೆದು ಬೆಲ್ಲದ ಕಾಫಿ ಕಾಸಿಕೊಟ್ಟಳು. ಹಳೆಯ ಮಾತು ತೆಗೆಯಲಿಲ್ಲ. ಕೋಟೆಯಲ್ಲಿರುವ ಮಗಳಿಗೆ ಎಷ್ಟು ಮಕ್ಕಳು ಎಂದು ಕೇಳಿದಳು. ಎರಡು ಎಂದಳು ಇಂದ್ರಮ್ಮ, ಕಾಫಿ ಪೂರ್ತಿ ಕುಡಿದು ಲೋಟ ತೊಳೆದಿಟ್ಟು ಮಳೆ ನಿಲ್ಲುವವರೆಗೂ ಕೂತಿದ್ದಳು.